ಹಳೆಯ ಗೇರ್‌ಬಾಕ್ಸಿಗೆ ನನ್ನ ಗೌರವವಿದೆ, ನನ್ನ ಟ್ರಕ್ಕಿನಲ್ಲಿ ಜಾಗವಿಲ್ಲ

ನನ್ನ 1998ರ ಷೆವ್ರೊಲೆ ಪಿಕಪ್‌ನಲ್ಲಿ ಎರಡನೇ ಗೇರು, ನಾಲ್ಕನೇ ಗೇರು, ರಿವರ್ಸು ಮೂರೂ ಒಂದೇ ಮಧ್ಯಾಹ್ನ ಹೋದವು. ಮೊದಲನೆಯದೂ ಮೂರನೆಯದೂ ಉಳಿದಿದ್ದರಿಂದ ಗಾಡಿ ಮನೆ ಸೇರಿತು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಒಳಗು ಬಲ್ಲವರಿಗೆ ಯಾವ ಗೇರುಗಳು ಹೋಗಿವೆ ಅಂತ ಹೇಳಿದರೆ ಸಾಕು, ಬಿಚ್ಚುವ ಮೊದಲೇ ಕಾರಣ ಹೇಳುತ್ತಾರೆ: ಸನ್ ಶೆಲ್ ಎಂಬ ಬಟ್ಟಲಾಕಾರದ ಉಕ್ಕಿನ ಭಾಗ ಬಿರಿದಿದೆ. ಎರಡು ಲಕ್ಷ ಮೈಲಿಗೂ ಹೆಚ್ಚು ಓಡಿದ, ಪ್ರತಿ ಬೇಸಿಗೆ ಟ್ರೇಲರ್ ಎಳೆದ ಗಾಡಿ. ಸವೆದಿದೆ, ಅಷ್ಟೇ. ಅದರ ಮೇಲೆ ನನಗೆ ದೂರಿಲ್ಲ. ನಾನು ಬರೆಯಲು ಕೂತದ್ದು ಆಮೇಲೆ ಬಂದ ಸಲಹೆಯ ಬಗ್ಗೆ.

ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಊರಿನ ಹೊರಗೆ. ಹಾಸನದ ಹುಡುಗಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಇಲ್ಲಿಗೆ ಬಂದು ಬಹಳ ಕಾಲ ಗೇರ್‌ಬಾಕ್ಸ್‌ಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದೆ. ಈಗ ಗಂಡನೂ ನಾನೂ ಸೇರಿ ಬೆಂಡೆ, ಹೀರೆ, ಬದನೆ, ಮೆಂತ್ಯ ಸೊಪ್ಪು ಬೆಳೆಯುತ್ತೇವೆ. ಭಾರತೀಯರು ಹೆಚ್ಚಿರುವ ಕ್ಯಾಂಟನ್ ಪಟ್ಟಣದ ಅಂಗಡಿಗಳಿಗೆ ಅರ್ಧ ಹೋಗುತ್ತದೆ. ಉಳಿದದ್ದನ್ನು ಶನಿವಾರ ಡೆಟ್ರಾಯಿಟ್‌ನ ಈಸ್ಟರ್ನ್ ಮಾರ್ಕೆಟ್‌ಗೆ ಒಯ್ಯುತ್ತೇವೆ. ಐ-94 ಹೆದ್ದಾರಿಯಲ್ಲಿ ಹೋಗಲು ಸುಮಾರು 35 ಮೈಲಿ, ಬರಲು ಅಷ್ಟೇ. ಆ ಟ್ರಕ್ ಇಲ್ಲದೆ ನಮ್ಮ ವಾರ ನಡೆಯುವುದಿಲ್ಲ.

ಪಕ್ಕದ ತೋಟದ ಹಿರಿಯರು ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸುದ್ದಿ ಕೇಳಿ ತಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಟಾರ್ಪಾಲು ಸರಿಸಿ ತೋರಿಸಿದರು. ಟರ್ಬೊ ಹೈಡ್ರಾಮ್ಯಾಟಿಕ್ 400. ಮೂರೇ ಗೇರಿನ ಆಟೊಮ್ಯಾಟಿಕ್, ಎಪ್ಪತ್ತರ ದಶಕದ ಟ್ರಕ್ಕೊಂದರಿಂದ ಇಳಿಸಿಟ್ಟದ್ದು. 300 ಡಾಲರ್ ಕೊಟ್ಟರೆ ನನ್ನದು. "ಇದರಲ್ಲಿ ಕಂಪ್ಯೂಟರ್ ಇಲ್ಲ. ನಿನ್ನ ಟ್ರಕ್ಕಿಗೆ ಇದನ್ನೇ ಹಾಕಿಸು, ಮತ್ತೆ ಆ ಕಡೆ ನೋಡಬೇಕಾಗಿಲ್ಲ" ಅಂದರು. ಅವರೊಬ್ಬರೇ ಅಲ್ಲ. ಗ್ಯಾರೇಜಿನವರು, ಮಾರ್ಕೆಟಿನಲ್ಲಿ ಪಕ್ಕದ ಮೇಜಿನಲ್ಲಿ ಜೇನು ಮಾರುವವರು, ಹಳೆಯ ಟ್ರಕ್ ಇಟ್ಟುಕೊಂಡವರೆಲ್ಲ ಅದನ್ನೇ ಹೇಳಿದರು: ಎಲೆಕ್ಟ್ರಾನಿಕ್ಸ್ ಕಿತ್ತುಹಾಕಿ, ಹಳೆಯದಕ್ಕೆ ಹೋಗಿ.

ನಾನು ಹೋಗುವುದಿಲ್ಲ. ಯಾಕೆಂದು ಬಿಡಿಸಿ ಹೇಳಬೇಕು. ಈ ಸಲಹೆಯ ಹಿಂದಿನ ಭಯ ನಿಜವಾದದ್ದು, ಆದರೆ ಅದು ತಪ್ಪು ಯಂತ್ರದ ಮೇಲೆ ಬಿದ್ದಿದೆ.

ಮೊದಲು ಆ ಹಳೆಯ ಪೆಟ್ಟಿಗೆಗೆ ಸಲ್ಲಬೇಕಾದದ್ದು ಸಲ್ಲಲಿ. ಜನರಲ್ ಮೋಟಾರ್ಸ್ ಅದನ್ನು 1964ರ ಕ್ಯಾಡಿಲಾಕ್, ಬ್ಯೂಯಿಕ್ ಕಾರುಗಳಲ್ಲಿ ಮೊದಲು ಕೊಟ್ಟಿತು. ರೋಲ್ಸ್ ರಾಯ್ಸ್ ಅದನ್ನೇ ಕೊಂಡು ತನ್ನ ಸಿಲ್ವರ್ ಶ್ಯಾಡೊಗೆ ಹಾಕಿಕೊಂಡಿತು. ಫೆರಾರಿ ಕಂಪನಿ 1976ರಲ್ಲಿ ತನ್ನ ಮೊದಲ ಆಟೊಮ್ಯಾಟಿಕ್ ಕಾರು ತಂದಾಗ ಅದರೊಳಗಿದ್ದದ್ದೂ ಇದೇ. ಎಂಬತ್ತರ ದಶಕದಲ್ಲಿ ಅಮೆರಿಕದ ಸೇನೆಗೆ ಹೋದ ಷೆವ್ರೊಲೆ ಟ್ರಕ್ಕುಗಳಲ್ಲೂ ಇತ್ತು. ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ತವರು ಕೂಡ ನಮ್ಮ ಊರಿನ ಸುತ್ತಲೇ. ಸಾಮಾನ್ಯ ಜನ ಕೊಳ್ಳುವ ಕಾರಿನಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಪೂರ್ಣ ಆಟೊಮ್ಯಾಟಿಕ್ ಬಂದದ್ದು 1940ರ ಓಲ್ಡ್ಸ್‌ಮೊಬಿಲ್‌ನಲ್ಲಿ. ಅದನ್ನು ತಯಾರಿಸುತ್ತಿದ್ದ ಲಿವೋನಿಯಾದ ಕಾರ್ಖಾನೆ 1953ರ ಆಗಸ್ಟ್ 12ರಂದು ಬೆಂಕಿಗೆ ಆಹುತಿಯಾಯಿತು. ಕಂಪನಿ ಯಂತ್ರಗಳನ್ನು ನಮ್ಮ ಊರ ಪಕ್ಕದ ವಿಲ್ಲೋ ರನ್‌ಗೆ ಸಾಗಿಸಿ, ಕೆಲವೇ ವಾರಗಳಲ್ಲಿ ಮತ್ತೆ ಗೇರ್‌ಬಾಕ್ಸ್ ತಯಾರಿಸಲು ಶುರುಮಾಡಿತು. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನಗಳನ್ನು, ಬಿರುಸಿನ ದಿನಗಳಲ್ಲಿ ಗಂಟೆಗೊಂದರಂತೆ, ಜೋಡಿಸಿದ ಕಟ್ಟಡ ಅದು. 2010ರಲ್ಲಿ ಬಾಗಿಲು ಮುಚ್ಚಿತು. ನಮ್ಮ ನೆರೆಯವರು ಕೆಲಸ ಕಲಿತದ್ದು, ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಆ ಸೂರಿನಡಿಯ ದುಡಿಮೆಯಿಂದ. ಅವರ ಪಾಲಿಗೆ ಟರ್ಬೊ 400 ಬರೀ ಕಬ್ಬಿಣವಲ್ಲ ಎಂಬುದು ನನಗೆ ಅರ್ಥವಾಗುತ್ತದೆ.

ಅದು ಕೆಲಸ ಮಾಡುವ ರೀತಿಯೂ ಕಣ್ಣಿಗೆ ಕಾಣುವಂಥದು. ಬೆಂಗಳೂರಿಗೆ 2006ರಲ್ಲಿ ಬಂದ ವೋಲ್ವೊ ಸಿಟಿ ಬಸ್ಸಿನ ಚಾಲಕರು ಕ್ಲಚ್ ತುಳಿಯದೆ, ಗೇರ್ ಬದಲಿಸದೆ ಓಡಿಸುವುದನ್ನು ಓದುಗರು ನೋಡಿರುತ್ತೀರಿ. ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದಲ್ಲ, ಹಾಗೆ; ಇಲ್ಲಿ ಗಾಳಿಯ ಬದಲು ಆಯಿಲ್. ಯಾವಾಗ ಗೇರ್ ಏರಬೇಕು, ಯಾವಾಗ ಇಳಿಯಬೇಕು ಎಂದು ಟರ್ಬೊ 400 ಎರಡು ಒತ್ತಡಗಳನ್ನು ತೂಗಿ ತೀರ್ಮಾನಿಸುತ್ತದೆ. ಗಾಡಿಯ ವೇಗ ಹೇಳುವುದು ಗವರ್ನರ್: ವೇಗ ಹೆಚ್ಚಿದಂತೆ ಅದರ ಸಣ್ಣ ತೂಕಗಳು ಹೊರಕ್ಕೆ ಸರಿದು ಆಯಿಲ್ ಒತ್ತಡ ಏರಿಸುತ್ತವೆ. ಎಂಜಿನ್ನಿನ ಮೇಲಿನ ಭಾರ ಹೇಳುವುದು ಮಾಡ್ಯುಲೇಟರ್: ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ ಒಂದು ರಬ್ಬರ್ ಪೈಪು ಬಂದು ಅದಕ್ಕೆ ಸೇರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಅಲ್ಲಿನ ನಿರ್ವಾತ ಕಡಿಮೆಯಾಗುತ್ತದೆ. ಇಷ್ಟನ್ನು ಕಾಗದದ ಮೇಲೆ ಒಂದು ಸಂಜೆಯಲ್ಲಿ ಕಲಿಸಬಹುದು. ಪ್ರೆಷರ್ ಗೇಜು, ವ್ಯಾಕ್ಯೂಮ್ ಗೇಜು, ಒಂದಷ್ಟು ತಾಳ್ಮೆ ಇದ್ದರೆ ರೋಗ ಕಂಡುಹಿಡಿಯಬಹುದು.

ರೋಗವೇ ಬರುವುದಿಲ್ಲ ಅಂತಲ್ಲ. ಆ ರಬ್ಬರ್ ಪೈಪು ಸೀಳಿದರೆ ಗೇರು ತಡವಾಗಿ, ಹೊಡೆದಂತೆ ಬೀಳುತ್ತದೆ. ಮಾಡ್ಯುಲೇಟರ್ ಒಳಗಿನ ಪೊರೆ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಆಯಿಲ್ಲನ್ನೇ ಹೀರಿ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಿಡುತ್ತದೆ. ಸರಳ ಯಂತ್ರವೂ ಕೆಡುತ್ತದೆ. ಕೆಟ್ಟಾಗ ಕೈಗೆ ಸಿಗುತ್ತದೆ ಎಂಬುದು ಅದರ ಗುಣ.

ಈಗ ನನ್ನ ಟ್ರಕ್ಕಿನೊಳಗೆ ಇರುವುದನ್ನು ನೋಡೋಣ. 4ಎಲ್60ಇ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್. 1982ರ 700ಆರ್4 ಎಂಬ ಗೇರ್‌ಬಾಕ್ಸಿಗೆ 1993ರಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಕೊಟ್ಟಾಗ ಹುಟ್ಟಿದ್ದು. ಎಲೆಕ್ಟ್ರಾನಿಕ್ ಎಂದಕೂಡಲೇ ಜನ ಹಿಂದೆ ಸರಿಯುತ್ತಾರೆ. ಅದರ ಗೇರು ಆರಿಸುವ ವಿಧಾನ ಇಷ್ಟೇ: ಎ ಮತ್ತು ಬಿ ಎಂಬ ಎರಡು ಸೊಲೆನಾಯ್ಡ್‌ಗಳಿವೆ, ವಿದ್ಯುತ್ ಕೊಟ್ಟರೆ ಆಯಿಲ್ ದಾರಿ ಬದಲಿಸುವ ಪುಟ್ಟ ವಾಲ್ವುಗಳು. ಎರಡೂ ಆನ್ ಇದ್ದರೆ ಒಂದನೇ ಗೇರು. ಬಿ ಮಾತ್ರ ಆನ್ ಇದ್ದರೆ ಎರಡನೆಯದು. ಎರಡೂ ಆಫ್ ಆದರೆ ಮೂರನೆಯದು. ಎ ಮಾತ್ರ ಆನ್ ಆದರೆ ನಾಲ್ಕನೆಯದು. ಎರಡು ಸ್ವಿಚ್ಚುಗಳಿಂದ ನಾಲ್ಕು ಗೇರು. ಒತ್ತಡ ನಿಯಂತ್ರಿಸುವುದು, ಕನ್ವರ್ಟರ್ ಲಾಕ್ ಮಾಡುವುದು ಮುಂತಾದ ಕೆಲಸಕ್ಕೆ ಇನ್ನೂ ಕೆಲವು ಸೊಲೆನಾಯ್ಡ್‌ಗಳಿವೆ. ಮಲ್ಟಿಮೀಟರ್ ಹಿಡಿಯಲು ಬರುವ ಯಾರೇ ಆದರೂ ಇವುಗಳ ರೆಸಿಸ್ಟೆನ್ಸ್ ಅಳೆದು ಕೆಟ್ಟದ್ದನ್ನು ಗುರುತಿಸಬಹುದು. ದಾರಿ ಮಧ್ಯೆ ತಂತಿಯೇ ಕಡಿದುಹೋಯಿತು ಅನ್ನಿ. ಎರಡೂ ಆಫ್ ಆಗಿ ಗಾಡಿ ಮೂರನೇ ಗೇರಿನಲ್ಲಿ ಉಳಿಯುತ್ತದೆ. ನಿಧಾನವಾಗಿ ಮನೆ ಸೇರಬಹುದು. ವಿದ್ಯುತ್ ಹೋದರೂ ಗಾಡಿ ಓಡಲಿ ಎಂದು ಯೋಚಿಸಿಯೇ ಇದನ್ನು ವಿನ್ಯಾಸ ಮಾಡಿದ್ದಾರೆ. ಇಂಥದ್ದನ್ನು ಅರ್ಥವಾಗದ ಪೆಟ್ಟಿಗೆ ಎನ್ನುವುದು ಅನ್ಯಾಯ. ನನಗೆ ಕೆಟ್ಟದ್ದೂ ಎಲೆಕ್ಟ್ರಾನಿಕ್ಸ್ ಅಲ್ಲ, ಉಕ್ಕಿನ ಭಾಗ. ಅದರ ಕೋಪವನ್ನು ತಂತಿಗಳ ಮೇಲೆ ತೀರಿಸಿಕೊಳ್ಳಬಾರದು.

ಮುಂದಿನದು ಕೆಲಸದ ಪ್ರಶ್ನೆ. ಟ್ರಕ್ ಏನು ಮಾಡುತ್ತದೆ, ಎಲ್ಲಿ ಓಡುತ್ತದೆ ಎಂದು ಕೇಳದೆ ಗೇರ್‌ಬಾಕ್ಸ್ ಆರಿಸುವುದು ಕಾಲಿನ ಅಳತೆ ತೆಗೆಯದೆ ಚಪ್ಪಲಿ ಕೊಳ್ಳುವುದಕ್ಕಿಂತ ದುಬಾರಿ ಕೆಲಸ. ನನ್ನ ಟ್ರಕ್ಕಿನ ಒಂದನೇ ಗೇರಿನ ಅನುಪಾತ 3.06, ಟರ್ಬೊ 400ರದ್ದು 2.48. ಅಂದರೆ ತೋಟದ ಇಳಿಜಾರಿನಿಂದ ತುಂಬಿದ ಟ್ರೇಲರನ್ನು ರಸ್ತೆಗೆ ಎಳೆಯುವಾಗ ಹಿಂದಿನ ಚಕ್ರಕ್ಕೆ ಸಿಗುವ ಎಳೆತದಲ್ಲಿ ಸುಮಾರು ಐದರಲ್ಲೊಂದು ಪಾಲು ಖೋತಾ. ಇನ್ನೊಂದು ತುದಿಯಲ್ಲಿ ನಷ್ಟ ಇದಕ್ಕಿಂತ ಹೆಚ್ಚು. ನನ್ನ ನಾಲ್ಕನೇ ಗೇರು 0.70, ಹಳೆಯದರ ಕೊನೆಯ ಗೇರು 1. ಹಿಂದಿನ ಆಕ್ಸಲ್ಲಿನ ಕ್ರೌನ್ ಅನುಪಾತ 3.73, ಟೈರಿನ ಎತ್ತರ 29 ಇಂಚು. ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 113 ಕಿಲೋಮೀಟರ್, ವೇಗದಲ್ಲಿ ಈಗ ಎಂಜಿನ್ ನಿಮಿಷಕ್ಕೆ ಸುಮಾರು 2,100 ಸುತ್ತು ತಿರುಗುತ್ತದೆ. ಮೂರು ಗೇರಿನದ್ದು ಹಾಕಿದರೆ ಅದೇ ವೇಗಕ್ಕೆ 3,000 ದಾಟುತ್ತದೆ. ಟರ್ಬೊ 400ರ ಕನ್ವರ್ಟರ್ ಲಾಕ್ ಆಗುವುದಿಲ್ಲ, ಆದ್ದರಿಂದ ಆಯಿಲ್‌ನೊಳಗೆ ಸದಾ ಒಂದಿಷ್ಟು ಜಾರಿಕೆ ಇದ್ದೇ ಇರುತ್ತದೆ. ಆ ಜಾರಿಕೆ ಬಿಸಿಯಾಗುತ್ತದೆ, ಬಿಸಿ ಆಯಿಲ್ಲಿನ ಆಯಸ್ಸು ತಿನ್ನುತ್ತದೆ.

ಹೊಲದಲ್ಲೇ ಓಡಾಡುವ ಗಾಡಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ವಾರವಾರವೂ ಹೆದ್ದಾರಿ ಹಿಡಿಯುವ ನನಗೆ ಬರುತ್ತದೆ. ಈಗ ಗ್ಯಾಲನ್‌ಗೆ 16 ಮೈಲಿ ಕೊಡುವ ಗಾಡಿ 14ಕ್ಕೆ ಇಳಿಯುತ್ತದೆ ಎಂಬುದು ನನ್ನ ಅಂದಾಜು. ಹಾಗಾದರೆ 10,000 ಮೈಲಿಗೆ ಸುಮಾರು 90 ಗ್ಯಾಲನ್, ಅಂದರೆ 340 ಲೀಟರ್ ಪೆಟ್ರೋಲ್ ಹೆಚ್ಚು. ಅದನ್ನು ಬೆಂಡೆಕಾಯಿ ಮಾರಿಯೇ ಗಳಿಸಬೇಕು.

ಹಳೆಯದರ ಪರವಾಗಿ ಇಲ್ಲಿ ಒಂದು ಮಾತು ಒಪ್ಪಲೇಬೇಕು. ನನ್ನ ಗೇರ್‌ಬಾಕ್ಸು 3.06ರಿಂದ ಒಮ್ಮೆಲೇ 1.63ಕ್ಕೆ ಜಿಗಿಯುತ್ತದೆ. ಭಾರ ಎಳೆಯುವಾಗ ಎರಡನೆಯದಕ್ಕೆ ಬಿದ್ದ ಗಳಿಗೆಯಲ್ಲಿ ಎಂಜಿನ್ ಉಸಿರು ಕಟ್ಟಿದಂತಾಗುತ್ತದೆ. ಟರ್ಬೊ 400ರ ಮೆಟ್ಟಿಲುಗಳು 2.48, 1.48, 1 ಎಂದು ಹದವಾಗಿವೆ. ಟ್ರೇಲರ್ ಎಳೆಯುವವರು ಅದನ್ನು ಹೊಗಳುವುದು ಸುಮ್ಮನೆ ಅಲ್ಲ.

300 ಡಾಲರ್ ವಿಷಯಕ್ಕೆ ಬರೋಣ. ಗುಜರಿಯಿಂದಾಗಲಿ ಕೊಟ್ಟಿಗೆಯಿಂದಾಗಲಿ ತಂದ ಗೇರ್‌ಬಾಕ್ಸ್ ಎಷ್ಟು ಅಗ್ಗ ಎಂಬುದು ಅದನ್ನು ಕೂರಿಸಿದ ಮೇಲೆ ಗೊತ್ತಾಗುತ್ತದೆ. ಎಂಜಿನ್ನಿಗೆ ಅಂಟುವ ಮುಂಭಾಗದ ಬೋಲ್ಟುಗಳು ಹೊಂದುತ್ತವೆ, ಎರಡೂ ಒಂದೇ ಮನೆತನದವು. ಅಲ್ಲಿಂದಾಚೆಗೆ ಹೊಂದುವುದು ಕಡಿಮೆ. ಉದ್ದ ಬೇರೆ, ಹಾಗಾಗಿ ಗೇರ್‌ಬಾಕ್ಸನ್ನು ಹೊರುವ ಚಾಸಿಸ್‌ನ ಕ್ರಾಸ್‌ಮೆಂಬರ್ ಸರಿಸಬೇಕು, ಪ್ರೊಪೆಲ್ಲರ್ ಶಾಫ್ಟಿನ ಅಳತೆ ಬದಲಿಸಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಹಿಂಬದಿಯ ಶಾಫ್ಟಿನ ಹಲ್ಲು ನನ್ನದರಲ್ಲಿ 27, ಅದರಲ್ಲಿ 32, ಆದ್ದರಿಂದ ಅದನ್ನು ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸುವ ಯೋಕ್ ಬೇರೆಯದೇ ಬೇಕು. ಗೇರ್ ಲಿವರ್‌ನ ಜೋಡಣೆ, ಕೂಲರ್ ಪೈಪು, ನಿರ್ವಾತದ ಪೈಪು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇರು ಇಳಿಸುವ ಕಿಕ್‌ಡೌನ್ ಸ್ವಿಚ್ಚು, ಎಲ್ಲವನ್ನೂ ಹೊಸದಾಗಿ ಮಾಡಬೇಕು. ಅಷ್ಟು ವರ್ಷ ಟಾರ್ಪಾಲಿನಡಿ ಮಲಗಿದ್ದ ಪೆಟ್ಟಿಗೆಯ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ಅದನ್ನೂ ಬಿಚ್ಚಿ ಕಟ್ಟಲೇಬೇಕು.

ಇದೆಲ್ಲ ಕಬ್ಬಿಣದ ಕೆಲಸ, ಮಾಡಬಹುದು. ತೊಡಕು ಇರುವುದು ಎಂಜಿನ್ ಕಂಪ್ಯೂಟರಿನಲ್ಲಿ. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರು, ಹಗುರ ಟ್ರಕ್ಕುಗಳೂ ತಮ್ಮ ಹೊಗೆ ನಿಯಂತ್ರಣವನ್ನು ತಾವೇ ಕಾಯುವ ಒಬಿಡಿ-2 ವ್ಯವಸ್ಥೆ ಇಟ್ಟುಕೊಂಡಿರಬೇಕು. ನನ್ನ ಟ್ರಕ್ಕಿನಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೋಡಿಕೊಳ್ಳುವುದು ಒಂದೇ ಕಂಪ್ಯೂಟರ್. ಗೇರು ಬದಲಾಗುವ ಕ್ಷಣದಲ್ಲಿ ಅದು ಎಂಜಿನ್ನಿನ ಕಿಡಿಯನ್ನು ಕೊಂಚ ಹಿಂದೆ ಸರಿಸಿ ಹೊಡೆತ ತಗ್ಗಿಸುತ್ತದೆ. ಗೇರ್‌ಬಾಕ್ಸಿನ ಬಾಲದಲ್ಲಿರುವ ಸೆನ್ಸರ್‌ನಿಂದಲೇ ಸ್ಪೀಡೊಮೀಟರ್ ನಡೆಯುತ್ತದೆ. ಸೊಲೆನಾಯ್ಡ್‌ಗಳಿಲ್ಲದ ಪೆಟ್ಟಿಗೆ ಹಾಕಿದರೆ ಕಂಪ್ಯೂಟರ್ ಅವನ್ನು ಹುಡುಕುತ್ತಲೇ ಇರುತ್ತದೆ, ಎಂಜಿನ್ ಲೈಟ್ ಉರಿಯುತ್ತಲೇ ಇರುತ್ತದೆ. ಸದಾ ಉರಿಯುವ ಲೈಟಿನ ಅಪಾಯ ಚಿಕ್ಕದಲ್ಲ: ನಾಳೆ ಎಂಜಿನ್ನಿಗೇ ನಿಜವಾದ ತೊಂದರೆ ಬಂದರೆ ತಿಳಿಸಲು ಬೇರೆ ಲೈಟಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಹೊಗೆ ತಪಾಸಣೆಯಲ್ಲಿ ಅಂಥ ಗಾಡಿ ನಿಂತೇಹೋಗುತ್ತದೆ. ಮಿಶಿಗನ್‌ನಲ್ಲಿ ಅಂಥ ನಿಯತ ತಪಾಸಣೆ ಇಲ್ಲ, ಹಾಗಾಗಿ ಇಲ್ಲಿ ಜನ ಧೈರ್ಯ ಮಾಡುತ್ತಾರೆ. ಕಂಪ್ಯೂಟರನ್ನು ಮತ್ತೆ ಪ್ರೋಗ್ರಾಂ ಮಾಡಿಸಬಹುದು, ವೇಗದ ಸೆನ್ಸರ್ ಬೇರೆ ಕೂರಿಸಬಹುದು. ಕಂಪ್ಯೂಟರ್ ಬೇಡವೆಂದು ಹೊರಟು ಕಂಪ್ಯೂಟರ್ ತಿದ್ದುವವರ ಬಾಗಿಲಿಗೇ ಹೋಗಬೇಕು. ಸರಳತೆಗಾಗಿ ಹೊರಟ ದಾರಿ ಇದಲ್ಲ.

ಎಲ್ಲ ಕೂಡಿಸಿದಾಗ ಹಳೆಯದನ್ನು ಹಾಕಿಸುವುದಕ್ಕೆ ಸುಮಾರು 2,200 ಡಾಲರ್ ಆಯಿತು. ಇರುವುದನ್ನೇ ಗಟ್ಟಿ ಸನ್ ಶೆಲ್, ಗೇರ್‌ಬಾಕ್ಸಿನ ಒಳಗಿನ ಹೊಸ ಕ್ಲಚ್ ಪ್ಲೇಟು, ಹೊಸ ಕನ್ವರ್ಟರ್, ದೊಡ್ಡ ಆಯಿಲ್ ಕೂಲರ್ ಹಾಕಿ ಕಟ್ಟಿಕೊಡಲು 2,600. ನಾನೂರು ಡಾಲರ್ ಹೆಚ್ಚು, ನಿಜ. ಅದನ್ನು ಹೆದ್ದಾರಿ ಕೆಲವು ವರ್ಷಗಳಲ್ಲಿ ವಾಪಸು ಕೊಡುತ್ತದೆ.

ಹಾಗಾದರೆ ಟರ್ಬೊ 400 ಯಾರಿಗೆ? ಕಾರ್ಬ್ಯುರೇಟರ್ ಕಾಲದ ಟ್ರಕ್ಕಿಗೆ. ಕಂಪ್ಯೂಟರೇ ಇಲ್ಲದ, ಹೆದ್ದಾರಿಗೆ ಅಪರೂಪಕ್ಕೆ ಇಳಿಯುವ, ಸೌದೆ ಹೊರುವ, ಹಿಮ ತಳ್ಳುವ ಮುಕ್ಕಾಲು ಟನ್ನಿನ ಟ್ರಕ್ಕಿಗೆ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ನಮ್ಮ ರಸ್ತೆಯ ತುದಿಯ ಮನೆಯಲ್ಲಿ ಅಂಥ 1979ರ ಗಾಡಿಯೊಂದಿದೆ, ಅವರಿಗೆ ಕೊಡಿ ಎಂದು ನೆರೆಯವರಿಗೆ ಹೇಳಿದ್ದೇನೆ. ನನ್ನಂಥವರಿಗೆ ಗಟ್ಟಿತನವೇ ಮುಖ್ಯವಾದರೆ ಅದರ ಮಗುವಿನಂತಿರುವ 4ಎಲ್80ಇ ಇದೆ. 1991ರಲ್ಲಿ ಬಂದದ್ದು, ಅದೇ ಮೂರು ಗೇರಿನ ಮೇಲೆ 0.75ರ ನಾಲ್ಕನೆಯದು, ಜೊತೆಗೆ ಲಾಕ್ ಆಗುವ ಕನ್ವರ್ಟರ್. ನನ್ನ ಎಂಜಿನ್ನಿನ ಜೊತೆಗೇ ಅದನ್ನು ಭಾರದ ಟ್ರಕ್ಕುಗಳಲ್ಲಿ ಕಂಪನಿ ಮಾರಿತ್ತು, ಹಾಗಾಗಿ ಕಂಪ್ಯೂಟರಿಗೂ ಅದರ ಭಾಷೆ ಕಲಿಸಬಹುದು. ಮುಂದೆ ಟ್ರೇಲರಿನ ಭಾರ ಹೆಚ್ಚಿದರೆ ನಾನು ಹೋಗುವುದು ಆ ಕಡೆಗೆ.

ಇಷ್ಟೆಲ್ಲ ಹೇಳಿದ ಮೇಲೂ ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಹಾಸನದಲ್ಲಿ ಲಾರಿ ಗ್ಯಾರೇಜು ಇಟ್ಟಿರುವ ನನ್ನ ತಮ್ಮನಿಗೆ ಈ ಕಥೆ ಹೇಳಿದೆ. "ಅಕ್ಕಾ, ಇಲ್ಲೂ ಅದೇ. ಸೆನ್ಸರ್ ಕಿತ್ತು ಹಳೇ ಡೀಸೆಲ್ ಪಂಪು ಹಾಕ್ಕೊಡಿ ಅಂತ ಬರ್ತಾನೇ ಇರ್ತಾರೆ. ನಾನು ಒಪ್ಪಲ್ಲ. ಆದ್ರೆ ಅವರ ಕಷ್ಟ ಸುಳ್ಳಲ್ಲ ಕಣೆ. ದಾರೀಲಿ ಲೈಟ್ ಬಂದು ಗಾಡಿ ನಿಂತ್ರೆ, ಏನಾಗಿದೆ ಅಂತ ನೋಡಕ್ಕೇ ಕಂಪನಿ ಲ್ಯಾಪ್‌ಟಾಪ್ ಬೇಕು. ಲೋಡು ಬಾಡಿಗೆ ಎಲ್ಲಾ ಹೋಯ್ತು" ಅಂದ. ಭಾರತದಲ್ಲಿ ಕಾನೂನು ಬೇರೆ ಅಡ್ಡ ನಿಂತಿದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಸೆನ್ಸರ್‌ಗಳು ಇನ್ನೂ ಹೆಚ್ಚಿವೆ. ಹಿಂದಕ್ಕೆ ಹೋಗುವ ದಾರಿ ಮುಚ್ಚಿದೆ. ಮುಚ್ಚಿರುವುದು ಸರಿಯೇ, ಹೊಗೆ ಕುಡಿಯುವವರು ನಾವೇ. ಹಿಂದಿನ ದಾರಿ ಮುಚ್ಚಿದವರು ಮುಂದಿನ ದಾರಿ ತೆರೆಯಬೇಕಲ್ಲ?

ನಿಜವಾಗಿ ಮುಚ್ಚಿದ ಪೆಟ್ಟಿಗೆಗಳು ನನ್ನ ಟ್ರಕ್ಕಿನ ತಲೆಮಾರಿನವಲ್ಲ. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಸೇರಿ ರೂಪಿಸಿದ ಹತ್ತು ಗೇರಿನ ಆಟೊಮ್ಯಾಟಿಕ್ 2017ರ ಮಾದರಿಗಳಲ್ಲಿ ಬಂತು. ಎಂಜಿನಿಯರಾಗಿ ಅದನ್ನು ಮೆಚ್ಚುತ್ತೇನೆ. ಆದರೆ ಇತ್ತೀಚಿನ ಹಲವು ಗೇರ್‌ಬಾಕ್ಸ್‌ಗಳಲ್ಲಿ ನಿಯಂತ್ರಕವೇ ಆಯಿಲ್ಲಿನೊಳಗೆ ಕುಳಿತಿರುತ್ತದೆ. ಅದನ್ನು ಬದಲಿಸಿದರೆ ಆ ಗಾಡಿಗೆಂದೇ ತಯಾರಕರ ದತ್ತಾಂಶದಿಂದ ಪ್ರೋಗ್ರಾಂ ಮಾಡಬೇಕು. ಮಲ್ಟಿಮೀಟರ್ ಹಿಡಿದ ಕೈ ಅಲ್ಲಿ ಹೊರಗೇ ನಿಲ್ಲುತ್ತದೆ. ಜನರ ಸಿಟ್ಟು ಹೋಗಬೇಕಾದದ್ದು ಅಲ್ಲಿಗೆ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ವಾಹನ ದುರಸ್ತಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಮತ ಹಾಕಿದರು. 2014ರಲ್ಲಿ ತಯಾರಕರು ಇಡೀ ದೇಶಕ್ಕೆ ಅನ್ವಯಿಸುವ ಒಪ್ಪಂದಕ್ಕೆ ಬಂದರು. ಗಾಡಿಯಿಂದ ವೈರ್‌ಲೆಸ್ ಆಗಿ ಹೋಗುವ ದತ್ತಾಂಶಕ್ಕೂ ಅದೇ ಹಕ್ಕು ಬೇಕೆಂದು 2020ರಲ್ಲಿ ಅದೇ ರಾಜ್ಯ ಮತ್ತೆ ಮತ ಹಾಕಿತು. ಹೊಸ ಗಾಡಿಗಳಿಗೆ ಜನ ಕೇಳುತ್ತಿರುವುದು ನನ್ನ 4ಎಲ್60ಇಗೆ ಈಗಾಗಲೇ ಇದೆ: ಅದನ್ನು ಇಂದು ಯಾವುದೇ ಸಣ್ಣ ಗ್ಯಾರೇಜು ಬಿಚ್ಚಿ ಕಟ್ಟಬಲ್ಲದು. ಅದರ ಪುಸ್ತಕ, ನಕ್ಷೆ, ಬಿಡಿಭಾಗ ಎಲ್ಲ ಸಿಗುತ್ತದೆ.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಆದರೆ ಗ್ರಾಹಕ ಸಹಾಯವಾಣಿಯ ನಂಬರು, ವಾರಂಟಿ ಪುಟದ ಕೊಂಡಿ ಕೊಟ್ಟರೆ ಲಾರಿ ಹೊರಡುವುದಿಲ್ಲ. ಪ್ರತಿ ದೋಷ ಕೋಡಿನ ಅರ್ಥ, ವೈರಿಂಗ್ ಮತ್ತು ಆಯಿಲ್ ದಾರಿಗಳ ನಕ್ಷೆ, ಹೊಸ ನಿಯಂತ್ರಕವನ್ನು ಗಾಡಿಗೆ ಹೊಂದಿಸುವ ಪ್ರೋಗ್ರಾಂ, ಇವು ಕೇಳಿದ ಯಾವುದೇ ಗ್ಯಾರೇಜಿಗೆ ನ್ಯಾಯವಾದ ಬೆಲೆಗೆ, ಆಯಾ ಭಾಷೆಯಲ್ಲಿ ಸಿಗಬೇಕು ಎಂದು ಕಾನೂನೇ ಹೇಳಬೇಕು. ಹತ್ತಿರದ ಡೀಲರ್ ಎಪ್ಪತ್ತು ಕಿಲೋಮೀಟರ್ ದೂರವಿರುವ ಚಾಲಕನಿಗೆ ಅಷ್ಟು ಮಾಡಿಕೊಟ್ಟರೆ, ನನ್ನ ತಮ್ಮನ ಬಳಿ ಹಳೇ ಪಂಪು ಕೇಳಿಕೊಂಡು ಬರುವವರು ಕಡಿಮೆಯಾಗುತ್ತಾರೆ.